ಗೇರಿನ ಡಬ್ಬಿಯಲ್ಲಿ ಕೆಂಪು ಬಾಳೆ

"ತಡಿ, ಅದನ್ನ ಹಂಗೇ ಹಿಡಿ," ಅಂದರು ಖಂಡೆಪ್ಪ ಅಮೀನರು.

ತುಕಾರಾಮ ಮಿಸ್ತ್ರಿಯ ಬಲಗೈ ಮೊಣಕೈತನಕ ಕಪ್ಪಾಗಿತ್ತು. ಗುರುಲಿಂಗಪ್ಪನ ಮೋಟಾರಿನಲ್ಲಿ ಡ್ರೈವರ್ ಕಾಲಿಡುವ ಹಲಗೆ ತೆಗೆದರೆ ಹಲ್ಲುಚಕ್ರ ತಿರುಗುವ ಗೇರಿನ ಡಬ್ಬಿ ಸಿಗುತ್ತದೆ. ಅದರ ಎಣ್ಣೆಯಲ್ಲಿ ಕೈಯಾಡಿಸಿದ ಮಿಸ್ತ್ರಿಯ ಬೆರಳ ಸಂದಿಯಲ್ಲಿ ಈಗ ಏನೋ ಉದ್ದಕ್ಕೆ ಜೋತಾಡುತ್ತಿತ್ತು.

ಅಮೀನರು ಅದನ್ನು ಹಳೇ ಅರಿವೆಯಿಂದ ಒರೆಸಿದರು. ಕಪ್ಪಿನ ಕೆಳಗೆ ಕೆಂಪು ಕಂಡಿತು. ಮೂಗಿನ ಹತ್ತಿರ ಹಿಡಿದು ಮೂಸಿದರು. ಪೊಲೀಸ್ ಕೆಲಸ ಬಿಟ್ಟು ಐದು ವರ್ಷವಾಗಿತ್ತು, ಮೂಗು ಮಾತ್ರ ಇನ್ನೂ ಸರ್ಕಾರಿ ನೌಕರಿಯಲ್ಲೇ ಇತ್ತು.

"ಬಾಳೆಹಣ್ಣಿನ ಸಿಪ್ಪಿ. ಅದೂ ಕಮಲಾಪುರದ ಕೆಂಪು ಬಾಳಿ."

"ಇದು ನಾ ಹಾಕಿದ್ದಲ್ಲರೀ ಸಾಹೇಬ್ರ," ಅಂದ ತುಕಾರಾಮ.

"ನಿನಗ ಯಾರು ಕೇಳ್ಯಾರ?" ಅಂತ ಅಮೀನರು ನಕ್ಕರು. ನಾನೂ ನಕ್ಕೆ. ನಗುವುದು ನನಗೆ ಸುಲಭ. ಯೋಚಿಸುವುದು ಅಮೀನರ ಪಾಲಿಗೆ ಬಿಟ್ಟಿದ್ದೆ.

ಹಿಂದಿನದು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಡಿ ಊಳಿಡತೊಡಗಿತೆಂದು ಬಿಚ್ಚಿದರೆ ಈ ಡಬ್ಬಿಯಲ್ಲಿ ಹೊಸ ಹಲ್ಲುಚಕ್ರಗಳಿರಬೇಕಾದ ಕಡೆ ಸವೆದ ಹಳೇ ಚಕ್ರಗಳು ಸಿಕ್ಕಿದ್ದವು, ಮತ್ತು ಗುರುಲಿಂಗಪ್ಪ ಸಾಹುಕಾರರು ತಮ್ಮ ಡ್ರೈವರ್ ಪೀರಪ್ಪನೇ ಹೊಸವನ್ನು ಕದ್ದು ಮಾರಿದ ಅಂತ ಊರೆಲ್ಲ ಸಾರಿದ್ದರು.

ಪೀರಪ್ಪ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಸೋಮವಾರ ಬೆಳಿಗ್ಗೆ ಅವನು ಹುಮನಾಬಾದ ದಾರಿಗೆ ಓಡಲಿರುವ ಹೊಸ ಬಸ್ಸಿನ ಡ್ರೈವರನಾಗಿ ಹಾಜರಾಗಬೇಕಿತ್ತು. ಕೈಯಲ್ಲಿ ಧಣಿ ಸಹಿ ಮಾಡಿದ ಒಳ್ಳೆ ನಡತೆಯ ಕಾಗದ ಇರಬೇಕು. ಕಾಗದ ಬರೆದಾಗಿತ್ತು. ಸಹಿ ಇರಲಿಲ್ಲ. ಅವತ್ತು ಶನಿವಾರ.

"ಸಿಪ್ಪಿ ಸಿಕ್ಕಿತಲ್ಲರೀ, ನಂದೇನರೆ ಹಗುರಾಯ್ತೇನು?" ಅಂತ ಪೀರಪ್ಪ ಕೇಳಿದ.

"ಸ್ವಲ್ಪ ಹಗುರಾಯ್ತು," ಅಂದರು ಅಮೀನರು. "ಊಳಿಡೋ ಗೇರಿನಾಗ ಬಾಳೆಹಣ್ಣು ಹಾಕಿದ್ರ ಎಂಟು ದಿನ ಸದ್ದು ಅಡಗ್ತದ. ಹಳೇ ಗಾಡಿ ಮಾರೋ ದಲ್ಲಾಳಿಗಳ ಆಟ ಇದು. ಅಂದ್ರ ಮಾರಿದವರ ಕಡೀನೂ ನೋಡಬೇಕಾಗ್ತದ."

ಮಾರಿದವರು ನೀಲಕಂಠ. ತಾವು ಬೇರೆ ಗಾಡಿ ಕೊಂಡು ಯುಗಾದಿಗೆ ಗುರುಲಿಂಗಪ್ಪನಿಗೆ ಈ ಗಾಡಿ ಕೊಟ್ಟವರು ಅವರೇ. ಗಾಡಿಯ ಜೊತೆಗೇ ಪೀರಪ್ಪನೂ ಆ ಮನೆಗೆ ಹೋದದ್ದು. ನೀಲಕಂಠರಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿತ್ತು. ನನಗಂತೂ ಅಲ್ಲಿಗೇ ಮೊಕದ್ದಮೆ ಮುಗಿದಂತೆ ಕಂಡಿತು.

ಅಮೀನರು ಮಾತ್ರ ಡಬ್ಬಿಯ ಮುಚ್ಚಳ ಮಗುಚಿ ಉಗುರಿನಿಂದ ಏನನ್ನೋ ಕೆರೆದರು. ಅಂಗೈ ಮೇಲೆ ಎರಡು ಕಾಳು ಬಿದ್ದವು.

"ಕಡಲಿಬ್ಯಾಳಿ," ಅಂದೆ ನಾನು.

"ಬೆಂದ ಕಡಲಿಬ್ಯಾಳಿ," ಅಂತ ತಿದ್ದಿದರು. "ಬಾಳೆಹಣ್ಣು ಸದ್ದಿಗೆ ಆಯ್ತು. ಬ್ಯಾಳಿ ಯಾಕ, ಕಲ್ಯಾಣಪ್ಪ?"

ಅವರು ಕಾಳನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಅವತ್ತು ಸಂಜೆ ನಮ್ಮ ಮೋಟಾರು ಬಳಗದ ಸಭೆ ಶಹಾಬಜಾರದ ನಮ್ಮ ಮನೆಯ ಮಾಳಿಗೆ ಮೇಲೆ ಸೇರಿತು. ಬಳಗವೆಂದರೆ ನಾಲ್ಕು ಮೋಟಾರು, ನಾಲ್ವರು ಯಜಮಾನರು. ಕಾರ್ಯದರ್ಶಿ ನಾನು. ಬೇರೆ ಯಾರೂ ಒಪ್ಪದ ಕಾರಣ ಮೂರು ವರ್ಷದಿಂದ ನಾನೇ.

ಮರುದಿನ ಐತವಾರ ನಾಲ್ಕೂ ಗಾಡಿ ಸಾಲಾಗಿ ಕಮಲಾಪುರಕ್ಕೆ ಹೋಗಬೇಕು, ನೀಲಕಂಠರ ತೋಟದಲ್ಲಿ ಊಟ, ಅಂತ ತಿಂಗಳ ಹಿಂದೆಯೇ ಗೊತ್ತಾಗಿತ್ತು. ಗುರುಲಿಂಗಪ್ಪನ ಗಾಡಿ ಶೆಡ್ಡಿನಲ್ಲಿ ಕುಳಿತಿದ್ದರಿಂದ ಈಗ ಮೂರಕ್ಕೆ ಇಳಿದಿತ್ತು. ಅವರೂ ಅವರ ತಾಯಿ ಭಾಗಮ್ಮನವರೂ ನನ್ನ ಗಾಡಿಯಲ್ಲಿ ಬರುವುದೆಂದು ಠರಾಯಿಸಿದೆವು.

"ಐವಾನ್-ಎ-ಶಾಹಿ ಬಂಗ್ಲೆ ಮುಂದ ಏಳಕ್ಕ ಸೇರೂಣು," ಅಂದೆ. "ಮುಂದ ಡಾಕ್ಟರ್ ಸಾಹೇಬ್ರ ಗಾಡಿ. ಅವರ ಹಾರನ್ ಕೇಳಿದ್ರ ಎಮ್ಮಿ ತಾವೇ ದಾರಿ ಬಿಡ್ತಾವ."

"ಹಾರನ್ ನಹೀ, ಅದು ನನ್ನ ಇಂಜಿನ್ನಿನ ಸದ್ದು," ಅಂದರು ಡಾಕ್ಟರ್ ಅಲ್ಲಾವುದ್ದೀನ್, ಬೇಸರವಿಲ್ಲದೆ.

ಆಮೇಲೆ ಎಂದಿನ ಹಾಗೆ ಅನುಭವದ ಮಾತು ಶುರುವಾಯಿತು. ಈ ಹೊತ್ತೆಂದರೆ ನನಗೆ ಪಂಚಪ್ರಾಣ. ಹೆಂಡತಿಗಿಂತ ಮೋಟಾರಿನ ಬಗ್ಗೆ ಜಾಸ್ತಿ ಗೊತ್ತಿರುವ ಗಂಡಸರು ಒಂದೇ ಜಮಖಾನೆ ಮೇಲೆ ಕೂತು ಚುರುಮುರಿ ತಿನ್ನುತ್ತ ಹೇಳುವ ಸುಖ ಬೇರೆ ಎಲ್ಲೂ ಇಲ್ಲ.

"ನೀರಿನ ಟಾಕಿ ಸೋರಿದ್ರ ಒಂದು ಹಿಡಿ ಜ್ವಾಳದ ಹಿಟ್ಟು ಹಾಕ್ರಿ," ಅಂದರು ಡಾಕ್ಟರ್. "ಬಿಸಿಗೆ ಅಂಬಲಿಯಾಗಿ ತೂತು ಮುಚ್ಚತಾದ."

"ಪೆಟ್ರೋಲ್ ಮಾತ್ರ ಧೋತರದಾಗ ಸೋಸಿ ಹಾಕ್ರಿ," ಅಂದರು ನೀಲಕಂಠ. "ಹಳೇ ಧೋತರ, ಮತ್ತ. ಹೊಸಾದ್ರಾಗ ಗಂಜಿ ಇರ್ತದ, ಅದು ಇಂಜಿನ್ನಿಗೆ ಹೋಗ್ತದ."

"ಟ್ಯೂಬ್ ಒಡದ್ರ ಟಾಯರಿಗೆ ಕಣಕಿ ತುಂಬ್ರಿ," ಅಂದರು ಗುರುಲಿಂಗಪ್ಪ. ಗಾಡಿ ಇಲ್ಲದ ದುಃಖದಲ್ಲಿದ್ದರೂ ಸಲಹೆ ಕೊಡುವುದನ್ನು ಬಿಟ್ಟಿರಲಿಲ್ಲ.

"ಬೇಡ್ರಿ, ಹ್ವಾದ ಸಲ ನಿಮ್ಮ ಟಾಯರು ಎಮ್ಮಿ ತಿಂತು," ಅಂದರು ಡಾಕ್ಟರ್. ಮಾಳಿಗೆ ನಡುಗುವಷ್ಟು ನಕ್ಕೆವು.

ನನ್ನ ಸರದಿ ಬಂತು. "ಗೇರು ಊಳಿಟ್ರ ಔಡಲೆಣ್ಣಿ," ಅಂತ ಗಂಟಲು ಸರಿಮಾಡಿಕೊಂಡೆ. "ನನ್ನ ಗಾಡಿ ಮೂರು ತಿಂಗಳು ನರಿ ಹಂಗ ಊಳಿಡ್ತಿತ್ತು, ನಿಮಗೆಲ್ಲಾ ಗೊತ್ತದ. ಕಾರಹುಣ್ಣಿಮಿ ದಿನ ತುಕಾರಾಮನ ಕೈಲೆ ಎರಡು ಸೇರು ಔಡಲೆಣ್ಣಿ ಹಾಕ್ಸೀನಿ. ಅವತ್ತಿನಿಂದ ಗಾಡಿ ಮಾತಾಡಿಲ್ಲ."

ಮೂಲೆಯಲ್ಲಿದ್ದ ಅಮೀನರು ಚುರುಮುರಿ ಬಾಯಿಗಿಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನನ್ನ ಸಲಹೆಗೆ ಮೆಚ್ಚಿದರೆಂದು ತಿಳಿದು ನಾನು ಇನ್ನಷ್ಟು ವಿವರಿಸಿದೆ.

"ಬಳಗದ ಕಾಯಿದಿ ಏನರೆ ಅವೇನ್ರಿ?" ಅಂತ ಕೊನೆಗೆ ಅವರು ಕೇಳಿದರು.

"ಒಂದೇ ಒಂದು ಅದ. ನಾನೇ ಮಾಡಿದ್ದು. ಕೈಬದಲು." ಈ ಊರಲ್ಲಿ ಮೋಟಾರಿನ ಒಂದು ಮೊಳೆ ಬೇಕಾದರೂ ಮುಂಬಯಿಯಿಂದ ಬರಬೇಕು. ಅದಕ್ಕೇ ಒಬ್ಬರ ಗಾಡಿ ನಿಂತರೆ ಇನ್ನೊಬ್ಬರ ಗಾಡಿಯ ಸಾಮಾನು ತೆಗೆದು ಹಾಕಿಕೊಳ್ಳುವುದು, ಆಮೇಲೆ ಮರಳಿಸುವುದು. ಕೇಳಬೇಕಿಲ್ಲ, ಹೇಳಬೇಕಿಲ್ಲ. ತುಕಾರಾಮ ಬಂದು ಬಿಚ್ಚಿಕೊಂಡು ಹೋಗುತ್ತಾನೆ, ನಾವು ಚಹಾ ಕೊಟ್ಟು ಕಳಿಸುತ್ತೇವೆ.

"ಕೇಳೂದಿಲ್ಲ, ಹೇಳೂದಿಲ್ಲ," ಅಂತ ಅಮೀನರು ತಮ್ಮಷ್ಟಕ್ಕೇ ಅಂದುಕೊಂಡರು.

ಐತವಾರದ ಬೆಳಗು ಚಂದಿತ್ತು. ಒಂದು ಮಳೆ ಬಿದ್ದು ಧೂಳು ಅಡಗಿತ್ತು. ಕರಿಮಣ್ಣಿನ ಹೊಲಗಳಲ್ಲಿ ಬಿತ್ತುವವರು ನಿಂತು ನಮ್ಮ ಮೆರವಣಿಗೆ ನೋಡಿದರು. ನಡುವೆ ಡಾಕ್ಟರ ಗಾಡಿ ಒಮ್ಮೆ ನಿಂತಿತು, ಜೋಳದ ಹಿಟ್ಟು ತಿಂದು ಮತ್ತೆ ಹೊರಟಿತು. ನನ್ನ ಗಾಡಿ ಮಾತ್ರ ಎಲ್ಲೂ ತೊದಲಲಿಲ್ಲ. ಪೀರಪ್ಪ ಓಡಿಸುತ್ತಿದ್ದ; ಅಮೀನರೇ ಅವನನ್ನು ಕರೆತರಲು ಹೇಳಿದ್ದರು. ಅವನ ಪಕ್ಕದಲ್ಲಿ ಅಮೀನರು, ಹಿಂದೆ ನಾನು, ಗುರುಲಿಂಗಪ್ಪ, ಭಾಗಮ್ಮ. ತುಕಾರಾಮ ಡಾಕ್ಟರ ಗಾಡಿಯಲ್ಲಿ. ಅಲ್ಲಿಯೇ ಅವನ ಅಗತ್ಯ ಜಾಸ್ತಿ.

ಭಾಗಮ್ಮ ದಾರಿಯುದ್ದಕ್ಕೂ ಸೀಟಿನ ಮೇಲೆ ಕೈಯಾಡಿಸುತ್ತಿದ್ದರು, ದನದ ಬೆನ್ನು ಸವರಿದ ಹಾಗೆ. ಮೋಟಾರು ಕೊಳ್ಳುವ ಸಲುವಾಗಿ ಮಗ ಸವಾರಿ ಎತ್ತುಗಳನ್ನು ಮಾರಿದ್ದು ಅವರಿಗೆ ಇನ್ನೂ ನುಂಗಲಾಗಿರಲಿಲ್ಲ.

ಕಮಲಾಪುರದ ತೋಟದಲ್ಲಿ ಗೊನೆಗಳು ಕೆಂಪಗೆ ತೂಗುತ್ತಿದ್ದವು. ನೀಲಕಂಠ ಎಲ್ಲರ ಕೈಗೂ ಒಂದೊಂದು ಹಣ್ಣು ಕೊಟ್ಟರು. ಅಮೀನರು ಹಣ್ಣು ತೆಗೆದುಕೊಂಡು ಸುಲಿಯದೆ ಕೇಳಿದರು.

"ನೀಲಕಂಠಪ್ಪ, ನೇರ ಕೇಳ್ತೀನಿ. ಗಾಡಿ ಮಾರೂ ಮುಂದ ಗೇರಿನ ಡಬ್ಬ್ಯಾಗ ಇಂಥಾದೊಂದು ಹಾಕಿದ್ರೇನು?"

ನೀಲಕಂಠರ ಮುಖ ಕಪ್ಪಿಟ್ಟಿತು. "ಹೊಸ ಗೇರು ಹಾಕಿಸಿ ಕೊಟ್ಟೀನ್ರಿ. ಸದ್ದೇ ಇಲ್ಲದ ಗಾಡಿಗೆ ಹಣ್ಣ್ಯಾಕ ಹಾಕ್ಲಿ? ಯುಗಾದಿಗೆ ಹಾಕಿದ ಹಣ್ಣು ಇಲ್ಲೀತನಕ ಸದ್ದು ಅಡಗಿಸ್ತದೇನು? ಇಷ್ಟು ವರ್ಷ ಇವರ ಜೋಡಿ ಊಟ ಮಾಡೀನಿ, ನನ್ನ ಮ್ಯಾಲೆ ಇಂಥಾ ಮಾತಾ?"

"ಹಂಗಾದ್ರ ಪೀರಪ್ಪಂದೇ ಕೆಲಸ," ಅಂದರು ಗುರುಲಿಂಗಪ್ಪ ಥಟ್ಟನೆ. "ನಾ ಮೊದಲಿಂದ ಹೇಳ್ಲಾಕತ್ತೀನಿ."

ಪೀರಪ್ಪ ದೂರದಲ್ಲಿ ನಿಂತಿದ್ದ. ಅವನ ಕೈಯಲ್ಲೂ ಒಂದು ಹಣ್ಣಿತ್ತು, ತಿಂದಿರಲಿಲ್ಲ. ನನಗೆ ಅವನ ಮುಖ ನೋಡಲಾಗಲಿಲ್ಲ.

ಅಮೀನರು ನನ್ನ ಕಡೆ ತಿರುಗಿದರು. "ನಿಮ್ಮ ಪಾನಾ ಎಲ್ಲವ ಕಲ್ಯಾಣಪ್ಪ? ಗಾಡಿ ಭಾಳ ಛಲೋ ಓಡ್ಯದ. ಪೀರಪ್ಪನ ಕರಕೊಂಡು ಸ್ವಲ್ಪ ನೋಡ್ತೀನಿ."

ಸ್ವಂತ ಮೋಟಾರಿಲ್ಲದ ಮನುಷ್ಯನಿಗೂ ನನ್ನ ಗಾಡಿ ಮೇಲೆ ಆಸೆ ಹುಟ್ಟಿತಲ್ಲ ಅಂತ ಹಿಗ್ಗಿ, ನಟ್ಟು ಬಿಚ್ಚುವ ಪಾನಾದ ಚೀಲ ಕೊಟ್ಟೆ. ಅರ್ಧ ತಾಸು ಬಿಟ್ಟು ಇಬ್ಬರೂ ಕೈ ತೊಳೆದುಕೊಂಡು ಊಟಕ್ಕೆ ಬಂದರು. ಪೀರಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಊಟಕ್ಕೆ ಹೋಳಿಗೆ ಇತ್ತು. ಅಮೀನರು ಹೋಳಿಗೆ ಮುರಿದು, ಹೂರಣದಲ್ಲಿ ಅರೆಯದೆ ಉಳಿದ ಎರಡು ಕಡಲೆಬೇಳೆಯನ್ನು ಬೆರಳಿನಿಂದ ಎತ್ತಿ ಎಲೆಯ ಅಂಚಿಗಿಟ್ಟರು. ಜೇಬಿನ ಕಾಗದ ಬಿಚ್ಚಿ ಪಕ್ಕದಲ್ಲಿ ಆ ಎರಡು ಕಾಳು ಇಟ್ಟರು. ಬಹಳ ಹೊತ್ತು ನೋಡಿದರು.

"ಭಾಗಮ್ಮತಾಯಿ," ಅಂದರು ಮೆತ್ತಗೆ. "ಈ ಸಲ ಕಾರಹುಣ್ಣಿಮಿಗೆ ಎತ್ತಿಲ್ಲದ ಮನ್ಯಾಗ ಹೋಳಿಗಿ ಯಾರಿಗೆ ತಿನ್ಸಿದ್ರಿ?"

ಭಾಗಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಂಡರು.

"ಮೋಟಾರಿಗೆ," ಅಂದರು.

ಒಬ್ಬರೂ ನಗಲಿಲ್ಲ. ಅವರೇ ಮುಂದುವರಿಸಿದರು. "ಐವತ್ತು ವರ್ಷ ಆ ಹಬ್ಬಕ್ಕ ಎತ್ತಿಗೆ ಹೋಳಿಗಿ, ಬಾಳೆಹಣ್ಣು ತಿನಿಸಿ ಆಮ್ಯಾಲೆ ನಾ ಉಂಡೀನಿ. ಈ ವರ್ಷ ತಾಟು ಹಿಡಕೊಂಡು ಕೊಟ್ಟಿಗ್ಯಾಗ ನಿಂತ್ರ ಎತ್ತಿನ ಜಾಗಾದಾಗ ಮೋಟಾರು ನಿಂತದ. ನಮ್ಮನ್ನ ಹೊತ್ತು ತಿರಗೂದು ಈಗ ಅದೇ ಅಲ್ಲೇನು? ಹಲಗಿ ತಗದಿತ್ತು, ಕೆಳಗ ಬಾಯಿ ತೆರಕೊಂಡಿತ್ತು. ಹಲ್ಲೂ ಕಂಡ್ವು. ಒಂದು ಹಣ್ಣು, ಒಂದು ತುತ್ತು ಹೋಳಿಗಿ ಒಳಗ ಹಾಕಿ ನಮಸ್ಕಾರ ಮಾಡ್ದೆ."

"ಸಿಪ್ಪಿ ಸುಲೀಲಿಲ್ಲೇನ್ರಿ?" ಅಂತ ಡಾಕ್ಟರ್ ತಡೆಯಲಾರದೆ ಕೇಳಿದರು.

"ಎತ್ತಿಗೆ ಯಾರು ಸುಲಿದು ಕೊಡ್ತಾರಪ್ಪ?"

ಆ ಮುದುಕಿಯ ಒಂದು ಹಣ್ಣೇ ಸವೆದ ಚಕ್ರಗಳ ಸದ್ದನ್ನು ಎಂಟು ದಿನ ಅಡಗಿಸಿತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದ ಪೀರಪ್ಪ ಮರಳಿ ಬಂದು ಗಾಡಿ ಓಡಿಸುವಾಗಲೇ ಸದ್ದು ಎದ್ದಿತ್ತು, ಅಪವಾದ ಅವನ ತಲೆಗೆ ಬಂದಿತ್ತು.

"ಡಬ್ಬಿ ಬಾಯಿ ತೆರದಾವ ಯಾರು ತಾಯಿ? ಪೀರಪ್ಪ ಆವತ್ತು ಊರಾಗ ಇರಲಿಲ್ಲ," ಅಂದರು ಅಮೀನರು.

"ತುಕಾರಾಮ. ಕೈಬದಲು ಅಂದ. ನಾ ಹೋದಾಗ ಅವಾ ಬಾವಿ ಹತ್ರ ಕೈ ತೊಳೀಲಾಕತ್ತಿದ್ದ. ಯಾಕಪ್ಪ, ತೆರೀಬಾರದಿತ್ತೇನು?"

ಎಲ್ಲರೂ ತುಕಾರಾಮನ ಕಡೆ ತಿರುಗಿದರು. ಅವನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

"ನಾ ಕಳ್ಳ ಅಲ್ಲರೀ," ಅಂದ. ಕೈ ನನ್ನತ್ತ ತೋರಿಸಿತು. "ಕಲ್ಯಾಣಪ್ಪ ಸಾಹುಕಾರ್ರೇ ಹೇಳ್ಯಾರ. ಗುರುಲಿಂಗಪ್ಪನೋರ ಗೇರು ನನಗ, ನನ್ನ ಗೇರು ಅವರಿಗೆ, ಕೈಬದಲು ಮಾಡಿಬಿಡು ಅಂತ. ಸಭೆದಾಗ, ಎಲ್ಲಾರ ಮುಂದ. ನೀವು ದೋಸ್ತರು ಮಾತಾಡಿಕೊಂಡೀರಿ ಅಂತ ತಿಳದು ಬದಲ್ ಮಾಡೀನಿ. ಆಮ್ಯಾಲೆ ಸಾಹುಕಾರ್ರು ಕಳ್ಳತನ ಅಂತ ಒದರಿದ್ರು, ನನಗ ಅಂಜಿಕಿ ಆತು."

ನಾನು ಹಾಗೆ ಅಂದದ್ದು ನಿಜ. ಎಲ್ಲರೂ ನನ್ನ ಗಾಡಿಯ ಊಳನ್ನು ಗೇಲಿ ಮಾಡಿದ ದಿನ, ಚೇಷ್ಟೆಗೆ ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ತುಕಾರಾಮ ನಕ್ಕಿದ್ದನೋ ಇಲ್ಲವೋ, ಯಾರು ನೋಡಿದ್ದರು? ನನ್ನ ಗಾಡಿ ಸುಮ್ಮನಾದದ್ದು ಔಡಲೆಣ್ಣೆಯಿಂದ ಅಲ್ಲ ಅಂತ ಆಗ ನನಗೆ ಹೊಳೆಯಿತು.

"ಚೇಷ್ಟಿಗೆ ಅಂದಿದ್ದೆ," ಅಂದೆ.

"ಅವನ ಚೇಷ್ಟಿ ನನ್ನ ಗೇರಿಗೆ ಬಂತು," ಅಂದರು ಗುರುಲಿಂಗಪ್ಪ. ಊರೆಲ್ಲ ಕೂಗಾಡಿದ್ದು ತಪ್ಪಾಯಿತೆಂದು ಗೊತ್ತಾದರೆ ಕೆಲವರು ಮೆತ್ತಗಾಗುತ್ತಾರೆ. ಗುರುಲಿಂಗಪ್ಪ ಗಟ್ಟಿಯಾಗುವವರು. "ಪೀರಪ್ಪ ಅಲ್ಲ ಅಂದ್ರ ಯಾರು ಅಂತ ಆ ಕಾಗದದ ಮ್ಯಾಲೇ ಬರೀರಿ. ಹೆಸರು ಬಿದ್ರ ನಾ ಸಹಿ ಮಾಡ್ತೀನಿ. ಹೆಸರಿಲ್ಲದ ಕಾಗದಕ್ಕ ಇಲ್ಲ."

"ಗುರುಲಿಂಗ!" ಅಂದರು ಭಾಗಮ್ಮ.

"ಇಲ್ಲ ಅಂದ್ರ ಇಲ್ಲವ್ವ."

ಅಮೀನರು ಪೀರಪ್ಪನ ನಡತೆ ಕಾಗದ ತೆಗೆದು ನನ್ನ ಮುಂದಿಟ್ಟರು. ಮೇಲೆ ಲೇಖಣಿ ಇಟ್ಟರು. "ಬಿಚ್ಚಿದ ಕೈ ತುಕಾರಾಮಂದು. ಹೇಳಿದ ಬಾಯಿ ನಿಮ್ಮದು. ಯಾರ ಹೆಸರು, ಕಲ್ಯಾಣಪ್ಪ?"

ನಾನು ಪೀರಪ್ಪನನ್ನು ನೋಡಿದೆ. ಅವನು ಏನೋ ಹೇಳಲು ಬಾಯಿ ತೆರೆದ. ಅಮೀನರು ಕಣ್ಣಲ್ಲೇ ತಡೆದರು. ಬೇಡಿಕೊಳ್ಳಲು ಹೊರಟಿದ್ದಾನೆ ಅಂತ ನಾನು ತಿಳಿದೆ. ನನ್ನ ಒಂದು ನಾಲಿಗೆ ಚೇಷ್ಟೆಗೆ ಈ ಮನುಷ್ಯ ಎಂಟು ದಿನ ಕಳ್ಳನೆನಿಸಿಕೊಂಡಿದ್ದ. ನಾಳೆ ಬೆಳಿಗ್ಗೆ ಅವನ ಬಸ್ಸು ಬೇರೆಯವನ ಕೈಗೆ ಹೋಗುತ್ತಿತ್ತು. ಇಷ್ಟು ಸುಖದ ಬಳಗ ಕಟ್ಟಿದವನು ನಾನೇ ಅಂತ ಮೆರೆದವನು, ಇದನ್ನೂ ನನ್ನದೇ ಅನ್ನಬೇಕು.

ಬರೆದೆ. "ಗೇರು ತೆಗೆಸಿದವನು ಪೀರಪ್ಪನಲ್ಲ. ನಾನು, ಕಲ್ಯಾಣಪ್ಪ."

ಗುರುಲಿಂಗಪ್ಪ ಕೆಳಗೆ ಸಹಿ ಹಾಕಿದರು. ಭಾಗಮ್ಮ ನನ್ನ ತಲೆ ಮುಟ್ಟಿ, "ಛಲೋ ಮಾಡಿದಿ," ಅಂದರು. ಡಾಕ್ಟರ್ ಬೆನ್ನು ತಟ್ಟಿದರು. ನೀಲಕಂಠ ಇನ್ನೊಂದು ಹೋಳಿಗೆ ಬಡಿಸಿದರು. ಪೀರಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗಿಟ್ಟುಕೊಂಡು, ಅವತ್ತು ಮೊದಲ ಸಲ ಹಣ್ಣು ಸುಲಿದ. ಮನಸ್ಸು ಹಗುರಾಗಿ, ತುಪ್ಪ ಕೇಳಿದೆ.

ಊಟವಾದ ಮೇಲೆ ಅಮೀನರು ನನ್ನನ್ನು ಬಾಳೆಯ ಸಾಲಿನೊಳಗೆ ಕರೆದುಕೊಂಡು ಹೋದರು.

"ಪೀರಪ್ಪನ ಬಸ್ಸು ನಾಳಿ ದಾಟಿದ್ರ ಕಾಯಂಗಿಲ್ಲ. ಅದಕ್ಕ ಮೊದಲು ಅವನ ಕಾಗದ ಮುಗಿಸೀನಿ," ಅಂದರು. "ನೀವು ಕಾಯಬಹುದು. ಸಿಟ್ಟಾಗಬ್ಯಾಡ್ರಿ."

"ಸಿಟ್ಟ್ಯಾಕ್ರಿ? ಹೊಸ ಗೇರು ನನ್ನ ಗಾಡ್ಯಾಗದ. ಇವತ್ತೇ ಬಿಚ್ಚಿ ವಾಪಸ್ ಕೊಡ್ತೀನಿ."

"ಊಟಕ್ಕ ಮೊದಲು ನಿಮ್ಮ ಡಬ್ಬಿ ಬಿಚ್ಚಿ ನೋಡೀನಿ. ಒಳಗ ನಿಮ್ಮ ಸವದ ಹಳೇ ಗೇರೇ ಅದ. ಮತ್ತ ಇವು."

ಅವರು ಕೈವಸ್ತ್ರ ಬಿಡಿಸಿದರು. ಎಣ್ಣೆಯಲ್ಲಿ ಕಪ್ಪಾದ ಎರಡು ಸಿಪ್ಪೆ, ಒಂದು ಹಳೆಯದು, ಒಂದು ಮೊನ್ನೆ ಮೊನ್ನೆಯದು. ಅಂಚಿನಲ್ಲಿ ಕೆಂಪು.

ಶೆಡ್ಡಿನಲ್ಲಿ ತುಕಾರಾಮ ಅಂದ ಮಾತು ನೆನಪಾಯಿತು. ಇದು ನಾ ಹಾಕಿದ್ದಲ್ಲ. ಹಾಗಾದರೆ ಅವನು ಹಾಕಿದ್ದು ನನ್ನ ಡಬ್ಬಿಯಲ್ಲಿತ್ತು. ಹಿಂತಿರುಗಿ ನೋಡಿದೆ. ಅವನ ಎಲೆಯಲ್ಲಿ ಹೋಳಿಗೆ ಅರ್ಧ ಉಳಿದಿತ್ತು. ಕೈ ತೊಳೆಯಲು ಬಾವಿಗೆ ಹೋದವನು ಇನ್ನೂ ಬಂದಿರಲಿಲ್ಲ.

"ಹಂಗಾದ್ರ ಹೊಸ ಗೇರು ಎಲ್ಲದರೀ ಅಮೀನ್ ಸಾಹೇಬ್ರ?"

"ಅದನ್ನ ನಾಳಿ ಎಲ್ಲಾರೂ ನಿಮಗೇ ಕೇಳ್ತಾರ, ಕಲ್ಯಾಣಪ್ಪ," ಅಂದರು ಅಮೀನರು. "ಕಾಗದದ ಮ್ಯಾಲ ನಿಮ್ಮ ಹೆಸರದ."